ಅಟ್ಟದಲ್ಲಿ ಸಿಕ್ಕ ನೀಲಿ ಚಿತ್ತಾರದ ಪಿಂಗಾಣಿ ತಟ್ಟೆ: ಕಾಲವನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ)
ಮಾನ್ಯರೇ, ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಹಂಡೆಯೊಳಗೆ ಹುಲ್ಲು ಸುತ್ತಿ ಇಟ್ಟಿದ್ದ ಪಿಂಗಾಣಿ ತಟ್ಟೆಯೊಂದು ದೊರೆತಿದೆ. ಬಿಳಿಯ ಮೇಲೆ ನೀಲಿಯಲ್ಲಿ, ಬಂಡೆಯ ಮೇಲೆ ನಿಂತ ಉದ್ದ ಬಾಲದ ಹಕ್ಕಿಯೂ ಪಕ್ಕದಲ್ಲಿ ತುಂಬು ದಳಗಳ ಹೂವೂ ಇವೆ. ತಳದಲ್ಲಿರುವ ಆರು ಚೀನೀ ಅಕ್ಷರಗಳು ಮಿಂಗ್ ದೊರೆ ಚೆಂಗ್‌ಹುವಾನ ಕಾಲವನ್ನು ಹೇಳುತ್ತವೆಂದು ಬಲ್ಲವರೊಬ್ಬರು ಓದಿದರು. ಇದು ಕೆಳದಿ ಅರಸರ ಕಾಲದ್ದೆಂದು ಮನೆಯ ಹಿರಿಯರ ಅಭಿಪ್ರಾಯ. ಯಾವುದನ್ನು ನಂಬಬೇಕು?

ಉತ್ತರ (ಸಾಗರ)
ಅಕ್ಷರಗಳನ್ನು ಎಲ್ಲಕ್ಕಿಂತ ಕೊನೆಗೆ ನಂಬಿ. ಚೆಂಗ್‌ಹುವಾ ಆಳಿದ್ದು 1465ರಿಂದ 1487ರವರೆಗೆ. ಆದರೆ ಅವನ ಹೆಸರನ್ನು ಕಾಂಗ್‌ಶಿ ದೊರೆಯ ಕಾಲದಲ್ಲಿಯೂ (1662–1722), 19ನೆಯ ಶತಮಾನದಲ್ಲಿಯೂ ಚೀನದ ಪಿಂಗಾಣಿ ತಯಾರಿಕೆಯ ಊರಾದ ಜಿಂಗ್‌ದೆಝೆನ್‌ನ ಕುಶಲಕರ್ಮಿಗಳು ಹಳೆಯದರ ಮೇಲಿನ ಗೌರವದಿಂದ ಧಾರಾಳವಾಗಿ ಬರೆಯುತ್ತಿದ್ದರು. ತಟ್ಟೆಯನ್ನು ಬೋರಲು ಹಾಕಿ, ತಳದ ಬಳೆಯಲ್ಲಿ ಮೆರುಗಿಲ್ಲದ ಭಾಗವನ್ನು ಪರೀಕ್ಷಿಸಿ, ಗೂಡಿನ ಮರಳು ಅಂಟಿದೆಯೇ ನೋಡಿ. ಬಳಿಕ ಭೂತಗನ್ನಡಿಯಲ್ಲಿ ಹಕ್ಕಿಯ ಬಾಲವನ್ನು ನೋಡಿ: ಕುಂಚದಿಂದ ಬರೆದಿದ್ದರೆ ನೀಲಿಯು ಕೆಲವೆಡೆ ತೆಳುವಾಗಿಯೂ, ಕುಂಚ ತಡೆದಲ್ಲಿ ಗಾಢವಾಗಿಯೂ ನಿಂತಿರುತ್ತದೆ. ಚಿತ್ತಾರವನ್ನು ಕಾಗದದಿಂದ ಅಚ್ಚೊತ್ತಿದ ಯುರೋಪಿನ ತಟ್ಟೆಯಾದರೆ ಗೆರೆಗಳೂ ಚುಕ್ಕೆಗಳೂ ಒಂದೇ ಹದದಲ್ಲಿದ್ದು, ಅಂಚಿನ ಚಿತ್ತಾರದಲ್ಲಿ ಕಾಗದದ ಕೂಡುಗೆರೆ ಕಾಣುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಇಂಥವೂ ಇವೆ.

ಉತ್ತರ (ಶಿವಮೊಗ್ಗ)
ಒಂದು ಮಾತು ಸೇರಿಸುತ್ತೇನೆ. ಕೆಳದಿ ಸಂಸ್ಥಾನ ತಲೆಯೆತ್ತಿದ್ದೇ 1500ರ ಸುಮಾರಿಗೆ. ಹಾಗಾಗಿ ಆ ಅಕ್ಷರಗಳೂ ಮನೆಯವರ ಹೇಳಿಕೆಯೂ ಒಂದಕ್ಕೊಂದು ಆಧಾರವಾಗಲಾರವು. ಹಿರಿಯರ ಮಾತು ಅಸಾಧ್ಯವೆಂದು ಮಾತ್ರ ನಾನು ಹೇಳಲಾರೆ. ಮಲೆನಾಡಿನ ಕಾಳುಮೆಣಸು ಹೊನ್ನಾವರ, ಬಸರೂರುಗಳ ದಾರಿಯಾಗಿ ಪೋರ್ಚುಗೀಸರ, ಡಚ್ಚರ ಹಡಗುಗಳನ್ನು ಸೇರುತ್ತಿತ್ತು. ಅವರೇ ಚೀನದ ಪಿಂಗಾಣಿಯನ್ನೂ ಸಾಗಿಸುತ್ತಿದ್ದರು. ಹಂಪಿಯ ಉತ್ಖನನದಲ್ಲಿಯೂ ಅದರ ಚೂರುಗಳು ದೊರೆತಿವೆ. ಆದರೆ ದಾರಿ ಇತ್ತೆಂಬ ಮಾತ್ರಕ್ಕೆ ಈ ತಟ್ಟೆ ಆ ದಾರಿಯಲ್ಲೇ ಬಂದಿತೆಂದಾಗದು.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಬಾಲದ ಗರಿಗಳಲ್ಲಿ ನೀಲಿ ಅಲ್ಲಲ್ಲಿ ಮಡುಗಟ್ಟಿದೆ, ಕೂಡುಗೆರೆ ಎಲ್ಲಿಯೂ ಇಲ್ಲ. ತಳದ ಬಳೆಗೆ ಮರಳಿನ ಕಣಗಳು ಅಂಟಿಕೊಂಡಿವೆ. ಹುಣಸೆಹಣ್ಣು ಹಾಕಿ ತಿಕ್ಕಬಹುದೇ?

ಉತ್ತರ (ಸಾಗರ)
ಬೇಡ, ತಣ್ಣೀರು, ಮೆತ್ತನೆಯ ಬಟ್ಟೆ ಸಾಕು. ಮರಳನ್ನು ಕೆರೆಯಲೇಬೇಡಿ, ಗೂಡಿನಲ್ಲಿ ಸುಡುವಾಗ ಅಂಟಿದ ಅದೇ ನಿಮಗಿರುವ ಒಂದು ಕುರುಹು. ಚಿತ್ತಾರವನ್ನು ಕೈಯಿಂದಲೇ ಬರೆದದ್ದೆಂಬುದು ಈಗ ಖಚಿತ. ಶತಮಾನವನ್ನು ತಜ್ಞರು ತಟ್ಟೆಯನ್ನು ಕೈಯಲ್ಲಿ ಹಿಡಿದೇ ಹೇಳಬೇಕು. ನೂರು ವರ್ಷ ದಾಟಿದ್ದೆಂದಾದರೆ, 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಅದನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ ಎಂಬುದನ್ನು ಮನೆಯವರಿಗೂ ತಿಳಿಸಿ.