ಓಕೆ ಹುಟ್ಟಿದ್ದು ಯುದ್ಧದಲ್ಲಾ, ಪತ್ರಿಕೆಯಲ್ಲಾ?

ರಾಘು: ಯುದ್ಧದಲ್ಲಿ ಯಾರೂ ಸಾಯದ ದಿನ 'ಝೀರೋ ಕಿಲ್ಡ್' ಅಂತ ಹಲಗೆ ಮೇಲೆ ಬರೆಯುತ್ತಿದ್ದರಂತೆ, ಸೊನ್ನೆಯನ್ನು 'ಓ' ಅಂತ ಓದಿ ಅದೇ ಮೊಟಕಾಗಿ ಓಕೆ ಆಯ್ತಂತೆ. ವಾಟ್ಸಾಪಿನಲ್ಲಿ ಬಂದಿದೆ. ನಿಜವಾ?

ಶಾಲಿನಿ: ಇಲ್ಲ ರಾಘು. ಈ ಕಥೆಯನ್ನು ಸಾಮಾನ್ಯವಾಗಿ ಎರಡನೇ ಮಹಾಯುದ್ಧಕ್ಕೆ ಅಂಟಿಸುತ್ತಾರೆ. ಓಕೆ ಅದಕ್ಕಿಂತ ನೂರು ವರ್ಷ ಹಳೆಯದು. 1839ರ ಮಾರ್ಚ್ 23ರ ಅಮೆರಿಕದ 'ಬೋಸ್ಟನ್ ಮಾರ್ನಿಂಗ್ ಪೋಸ್ಟ್' ಪತ್ರಿಕೆಯಲ್ಲೇ ಇದೆ. ಪಕ್ಕದಲ್ಲಿ 'ಆಲ್ ಕರೆಕ್ಟ್' ಅಂತ ಅರ್ಥವನ್ನೂ ಕೊಟ್ಟಿದ್ದಾರೆ.

ಮಂಜು: ಹಾಗಾದ್ರೆ ಎ.ಸಿ. ಆಗಬೇಕಿತ್ತಲ್ವಾ?

ಶಾಲಿನಿ: ಅಲ್ಲೇ ಇರೋದು ಸ್ವಾರಸ್ಯ! ಬೇಕಂತಲೇ ತಪ್ಪು ಸ್ಪೆಲ್ಲಿಂಗ್ ಬರೆದು ಅದರ ಮೊದಲ ಅಕ್ಷರಗಳನ್ನು ಬಳಸುವ ಹುಚ್ಚು ಆಗ ಬೋಸ್ಟನ್ ಪತ್ರಿಕೆಗಳಿಗೆ ಹಿಡಿದಿತ್ತು. 'ಆಲ್ ಕರೆಕ್ಟ್' ಅನ್ನು 'oll korrect' ಅಂತ ಬರೆದು ಓ.ಕೆ. ಮಾಡಿದರು. ಹಾಗೇ 'ಆಲ್ ರೈಟ್'ಗೆ ('oll wright') ಓ.ಡಬ್ಲ್ಯು. ಅಂತಿದ್ದರು. ಅದು ಸತ್ತುಹೋಯಿತು. ಓಕೆ ಉಳಿಯಲು 1840ರ ಅಮೆರಿಕದ ಅಧ್ಯಕ್ಷ ಚುನಾವಣೆ ನೆರವಾಯಿತು. ಅಧ್ಯಕ್ಷ ವ್ಯಾನ್ ಬ್ಯೂರೆನ್ ಕಿಂಡರ್‌ಹುಕ್ ಊರಿನವರು. 'ಓಲ್ಡ್ ಕಿಂಡರ್‌ಹುಕ್' ಅನ್ನೋ ಅಡ್ಡಹೆಸರಿನಿಂದ ಬೆಂಬಲಿಗರು ಓ.ಕೆ. ಕ್ಲಬ್ ಕಟ್ಟಿದರು. ಅವರು ಸೋತರು, ಪದ ಗೆದ್ದಿತು.

ನಾಗರಾಜ್: ಅಮೆರಿಕದ ಮೂಲನಿವಾಸಿ ಚಾಕ್ಟಾ ಜನರ ಮಾತಿನಲ್ಲಿ ಹೆಚ್ಚುಕಡಿಮೆ ಇದೇ ಉಚ್ಚಾರದ ಪದ ಇದೆ, 'ಹೌದು, ಹಾಗೇ' ಅಂತ ಅರ್ಥ. ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನೇ ನಂಬಿ ಸ್ಪೆಲ್ಲಿಂಗ್ ಕೂಡ ಹಾಗೇ ಬರೆಯುತ್ತಿದ್ದರು. ಚಾಕ್ಟಾ ಜನರ ಮಾತು ಬೋಸ್ಟನ್ನಿನಲ್ಲಿ ಅಚ್ಚಾಗಲಿಲ್ಲ ಅಂತ ತಳ್ಳಿಹಾಕೋದು ನ್ಯಾಯವಲ್ಲ.

ಶಾಲಿನಿ: ಸರ್, ತಳ್ಳಿಹಾಕುತ್ತಿಲ್ಲ. ಆದರೆ ಉಚ್ಚಾರ ಹೋಲಿದರೆ ಸಾಲದು. ಅಲೆನ್ ವಾಕರ್ ರೀಡ್ ಅನ್ನೋ ವಿದ್ವಾಂಸರು ಹಳೇ ಪತ್ರಿಕೆ ಜಾಲಾಡಿ 1960ರ ದಶಕದಲ್ಲಿ ಬೋಸ್ಟನ್ನಿನ ಈ ಜಾಡನ್ನು ತೋರಿಸಿದರು. ಇನ್ನೊಂದು ವಾದಕ್ಕೆ ಅಷ್ಟು ಗಟ್ಟಿ ಜಾಡು ಬೇಕು.

ನಾಗರಾಜ್: ಹೆಚ್ಚಾಗಿ ಬಾಯಿಮಾತನ್ನೇ ನಂಬಿದ್ದ ಜನ ಅಷ್ಟು ಜಾಡು ಎಲ್ಲಿಂದ ತರೋದಮ್ಮ? ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಮಂಜು: ಮೂಲ ಏನೇ ಇರಲಿ, ನಮ್ಮ ಬಳಕೆ ನೋಡಿ. 'ಹುಡುಗಿ ಕಡೆಯಿಂದ ಓಕೆ ಆಯ್ತು' ಅಂದ್ರೆ ಮನೆಯಲ್ಲಿ ಹಬ್ಬ. 'ಪಿಕ್ಚರ್ ಓಕೆ' ಅಂದ್ರೆ ದುಡ್ಡು ದಂಡ.

ಸುಧಾ: ದಂಡ ಯಾಕೆ? ಒಂದು ಸಲ ನೋಡಬಹುದು ಅಂತ. ಎಲ್ಲಾ ದನಿಯಲ್ಲಿದೆ. ಅದಕ್ಕೇ ಮೆಸೇಜಿನಲ್ಲಿ ಬರೀ 'ಕೆ' ಬಂದ್ರೆ ನನಗೆ ಕಸಿವಿಸಿ. ಅತ್ತೆ ಉದ್ದಕ್ಕೆ ಬರೆದು ಕಳಿಸಿದಾಗ 'ಸರಿ ಅತ್ತೆ' ಅಂತಲೇ ಬರೀತೀನಿ.

ರಾಘು: ಆಫೀಸಿನಲ್ಲಿ 'ಕೆ' ನಡೆಯುತ್ತೆ ಸುಧಕ್ಕ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಸುಧಾ: ಮಾಡ್ಕೊತಾರೆ ರಾಘು, ಹೇಳಲ್ಲ ಅಷ್ಟೇ.