ನ್ಯಾಯವಾದ ಕೂಲಿ ಮತ್ತು ‘ರೇರುಮ್ ನೊವಾರುಮ್’

ಪ್ರಶ್ನೆ: 1891ರಲ್ಲಿ ಪೋಪ್ 13ನೇ ಲಿಯೋ ಹೊರಡಿಸಿದ ‘ರೇರುಮ್ ನೊವಾರುಮ್’ ಪರಿಪತ್ರವು (ಕ್ಯಾಥೊಲಿಕ್ ಚರ್ಚಿಗೆ ಪೋಪ್ ಬರೆಯುವ ಬೋಧನಾ ಪತ್ರ) ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯುತ್ತದೆ. ಹಾಗಿದ್ದೂ ಅದನ್ನು ಕಾರ್ಮಿಕರ ಪರವಾದ ದಾಖಲೆ ಎನ್ನುವುದೇಕೆ?

ಉತ್ತರ 1: ಕೂಲಿಯ ಕುರಿತ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಮಾಲೀಕನೂ ಕೆಲಸಗಾರನೂ ಒಪ್ಪಿಯೇ ಕರಾರು ಮಾಡಿಕೊಂಡಿದ್ದರೂ, ಮಿತವಾಗಿ ಬದುಕುವ ದುಡಿಮೆಗಾರನ ಜೀವನಕ್ಕೆ ಸಾಲದಷ್ಟು ಕೂಲಿಗೆ ಅವನು ಬೇರೆ ದಾರಿಯಿಲ್ಲದೆ ತಲೆಬಾಗಿದ್ದರೆ, ಅವನು ಬಲಾತ್ಕಾರಕ್ಕೂ ಅನ್ಯಾಯಕ್ಕೂ ಬಲಿಯಾದಂತೆಯೇ ಎಂದು ಲಿಯೋ ಬರೆದರು. ನನ್ನ ಮಟ್ಟಿಗೆ ಇಡೀ ಪರಿಪತ್ರದ ಜೀವ ಇರುವುದು ಇಲ್ಲೇ.

ಉತ್ತರ 2: ಸಂಘ ಕಟ್ಟಿಕೊಳ್ಳುವುದು ಮನುಷ್ಯನ ಸಹಜ ಹಕ್ಕು ಎಂಬ ಪರಿಪತ್ರದ ಮಾತನ್ನೂ ಸೇರಿಸಿಕೊಳ್ಳಿ.

ಉತ್ತರ 3: 2025ರಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋ, ಕೃತಕ ಬುದ್ಧಿಮತ್ತೆಯು ದುಡಿಮೆಗೂ ಮಾನವ ಘನತೆಗೂ ಒಡ್ಡಿರುವ ಸವಾಲನ್ನು ಪ್ರಸ್ತಾಪಿಸಿ, ಮುಖ್ಯವಾಗಿ ಈ ಪರಿಪತ್ರವನ್ನು ನೆನೆದೇ ತಮ್ಮ ಹೆಸರನ್ನು ಆರಿಸಿಕೊಂಡುದಾಗಿ ಚರ್ಚಿನ ಹಿರಿಯ ಧರ್ಮಾಧಿಕಾರಿಗಳಾದ ಕಾರ್ಡಿನಲರಿಗೆ ತಿಳಿಸಿದರು.