ಯಾವ ಕೆಲಸಕ್ಕೆ ಎಷ್ಟು ಸಂಬಳ, ಎಷ್ಟು ಗಂಟೆ ದುಡಿಮೆ: ದೇಶವ್ಯಾಪಿ ಸಮೀಕ್ಷೆ ರೂಪಿಸುವುದು ಹೇಗೆ?

ಕಚ್ಚಾಲೆಕ್ಕ:

ನಮಸ್ಕಾರ. ನಾವು ಒಂದು ಸಣ್ಣ ತಂಡ, ದೇಶವ್ಯಾಪಿ ಸಮೀಕ್ಷೆಯೊಂದರ ಕರಡು ಬರೆಯುತ್ತಿದ್ದೇವೆ. ಕೊನೆಗೆ ಬೇಕಾಗಿರುವುದು ಒಂದೇ ಟೇಬಲ್. ಎಡಗಡೆ ಉದ್ಯೋಗದ ಹೆಸರು, ಅದರ ಮುಂದೆ ತಿಂಗಳ ಸಂಬಳ, ವಾರಕ್ಕೆ ದುಡಿದ ಗಂಟೆ, ಗಂಟೆಗೆ ಎಷ್ಟು ಬಿತ್ತು ಅನ್ನುವುದು. ಕೇಳಲು ಸುಲಭ, ಬರೆಯಲು ಕೂತರೆ ಒಂದೊಂದು ಕಾಲಮ್‌ಗೂ ಒಂದೊಂದು ಜಗಳ.

ಅರ್ಧ ಜನ ಕಂಪನಿಗಳ ಸಂಬಳ ಪಟ್ಟಿಯಿಂದಲೇ ತೆಗೆದುಕೊಳ್ಳೋಣ, ಅಲ್ಲಿ ಲೆಕ್ಕ ಕರಾರುವಾಕ್ಕಾಗಿ ಇರುತ್ತದೆ ಅನ್ನುತ್ತಾರೆ. ಇನ್ನರ್ಧ ಜನ ಮನೆಮನೆಗೆ ಹೋಗಿ ಕೇಳಬೇಕು ಅನ್ನುತ್ತಾರೆ. ಒಬ್ಬರು ನಡುವಿನ ದಾರಿ ಹೇಳಿದರು: ಸಂಬಳ ಕಂಪನಿಯಿಂದ ತಗೊಳ್ಳಿ, ಗಂಟೆ ಈಗಾಗಲೇ ಇರುವ ಮನೆ ಸಮೀಕ್ಷೆಯಿಂದ ತಗೊಳ್ಳಿ, ಭಾಗಿಸಿ, ಮುಗೀತು. ಇದರಲ್ಲಿ ಏನೋ ಎಡವಟ್ಟಿದೆ ಅನ್ನಿಸುತ್ತದೆ, ಆದರೆ ಮೀಟಿಂಗ್‌ನಲ್ಲಿ ಇದೇ ತಪ್ಪು ಅಂತ ಬೆರಳಿಟ್ಟು ತೋರಿಸಲು ಆಗಲಿಲ್ಲ. ಉದ್ಯೋಗಗಳನ್ನು ಎಷ್ಟು ಸಣ್ಣದಾಗಿ ಒಡೆಯಬೇಕು, ಎಷ್ಟು ಜನರನ್ನು ಕೇಳಬೇಕು ಅನ್ನುವುದೂ ತೀರ್ಮಾನ ಆಗಿಲ್ಲ. ಇಂಥದ್ದನ್ನು ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಾಜರಿಪುಸ್ತಕ:

ಎಡವಟ್ಟು ಇದೆ, ದೊಡ್ಡದೇ ಇದೆ. ಕಂಪನಿ ಪಟ್ಟಿಯಲ್ಲಿರುವ 'ಚಾಲಕ' ಮತ್ತು ಮನೆ ಸಮೀಕ್ಷೆಯಲ್ಲಿ ಸಿಗುವ 'ಚಾಲಕ' ಒಂದೇ ಗುಂಪಿನವರಲ್ಲ. ಕಂಪನಿಯವರು ಕೊಡುವುದು ತಮ್ಮ ಪಟ್ಟಿಯಲ್ಲಿ ಹೆಸರಿರುವ ನೌಕರರ ಲೆಕ್ಕ. ಮನೆ ಸಮೀಕ್ಷೆಯಲ್ಲಿ ಸ್ವಂತ ಗಾಡಿ ಓಡಿಸುವವನೂ ಬರುತ್ತಾನೆ, ದಿನದ ಬಾಡಿಗೆಗೆ ಗಾಡಿ ಹಿಡಿದವನೂ ಬರುತ್ತಾನೆ. ಒಬ್ಬರ ಸಂಬಳವನ್ನು ಇನ್ನೊಬ್ಬರ ಗಂಟೆಯಿಂದ ಭಾಗಿಸಿದರೆ ಬರುವ ಅಂಕಿ ಯಾರದ್ದೂ ಅಲ್ಲ. ಒಂದೇ ಗುಂಪು ಅಂತಲೇ ಇಟ್ಟುಕೊಳ್ಳಿ, ಆಗಲೂ ಸರಾಸರಿ ಸಂಬಳವನ್ನು ಸರಾಸರಿ ಗಂಟೆಯಿಂದ ಭಾಗಿಸಿದರೆ ಸಿಗುವುದು ಬೇರೆ, ಒಬ್ಬೊಬ್ಬರ ಗಂಟೆಯ ಕೂಲಿ ಲೆಕ್ಕ ಹಾಕಿ ಅದರ ಸರಾಸರಿ ತೆಗೆದರೆ ಸಿಗುವುದು ಬೇರೆ.

ಹಾಗಾಗಿ ಕರಡಿನ ಮೊದಲ ಪುಟದಲ್ಲೇ ಬರೆದುಬಿಡಿ: ಒಬ್ಬ ವ್ಯಕ್ತಿ, ಒಂದು ಕೆಲಸ, ಒಂದು ಅವಧಿ. ಸಂಬಳವೂ ಗಂಟೆಯೂ ಈ ಮೂರಕ್ಕೆ ಸೇರಿಯೇ ಬರಬೇಕು. ಉಳಿದ ಜಗಳ ಎಲ್ಲ ಆಮೇಲೆ.

ಬೇರೆ ದೇಶಗಳ ಮಾದರಿ ನೋಡುವಾಗಲೂ ಇದೇ ಕಣ್ಣಿಂದ ನೋಡಿ. ಬ್ರಿಟನ್ನಿನ ಆಶೆ (ASHE, ದುಡಿಮೆಯ ಗಂಟೆ ಮತ್ತು ಗಳಿಕೆಯ ವಾರ್ಷಿಕ ಸಮೀಕ್ಷೆ) 2004ರಿಂದ ನಡೆಯುತ್ತಿದೆ. ತೆರಿಗೆ ದಾಖಲೆಯಿಂದ ನೌಕರರ ಕೆಲಸಗಳಲ್ಲಿ ಶೇ. 1ರಷ್ಟನ್ನು ಆರಿಸಿ, ಏಪ್ರಿಲ್‌ನ ಒಂದು ಸಂಬಳದ ಅವಧಿಗೆ ಹಣ, ಗಂಟೆ ಎರಡನ್ನೂ ಮಾಲೀಕರಿಂದಲೇ ಕೇಳುತ್ತಾರೆ. ಯುರೋಪಿನದ್ದು ನಾಲ್ಕು ವರ್ಷಕ್ಕೊಮ್ಮೆ. ಮೊದಲು ಸಂಸ್ಥೆಗಳನ್ನು ಆರಿಸಿ, ಆಮೇಲೆ ಅದರೊಳಗಿನ ನೌಕರರನ್ನು ಆರಿಸುತ್ತಾರೆ. ಅಮೆರಿಕದ್ದು ಬಹಳ ದೊಡ್ಡದು, ಆದರೆ ಅದರಲ್ಲಿ ಗಂಟೆಯನ್ನು ಕೇಳುವುದೇ ಇಲ್ಲ! ಪೂರ್ಣಾವಧಿ ಅಂದರೆ ವರ್ಷಕ್ಕೆ 2,080 ಗಂಟೆ, ಅಂದರೆ 52 ವಾರ ಗುಣಿಸು 40 ಅಂತ ಹಿಡಿದು ಗಂಟೆಯ ದರದಿಂದ ವಾರ್ಷಿಕ ದರ ತೆಗೆಯುತ್ತಾರೆ. ಶಾಲಾ ಶಿಕ್ಷಕರಿಗೆ, ಪೈಲಟ್‌ಗಳಿಗೆ ಈ ಲೆಕ್ಕ ಹೊಂದುವುದಿಲ್ಲವಾದ್ದರಿಂದ ಅವರಿಗೆ ವಾರ್ಷಿಕ ಸಂಬಳ ಮಾತ್ರ ಪ್ರಕಟಿಸುತ್ತಾರೆ. ನಿಮಗೆ ಗಂಟೆ ಬೇಕು ಅಂದಮೇಲೆ ಆ ಫಾರ್ಮ್ ನಕಲು ಮಾಡಬೇಡಿ.

ನನ್ನ ಓಟು ಸಂಸ್ಥೆಗಳ ಸಮೀಕ್ಷೆಗೆ.

ಎರಡನೇಪಾಳಿ:

ಹಾಜರಿಪುಸ್ತಕ ಅವರ ಮೊದಲ ಮಾತು ಪೂರ್ತಿ ಒಪ್ಪುತ್ತೇನೆ, ಕೊನೆಯದನ್ನು ಒಪ್ಪುವುದಿಲ್ಲ. ಸಂಬಳ ಪಟ್ಟಿಯಲ್ಲಿ ಹಣದ ಕಾಲಮ್ ನಂಬಬಹುದು. ಗಂಟೆಯ ಕಾಲಮ್? ಅಲ್ಲಿ ಕಾನೂನಿನ ಮಿತಿ ಏನಿದೆಯೋ ಅದನ್ನೇ ಬರೆದಿರುತ್ತಾರೆ. ಮಿತಿ 48 ಇದ್ದರೆ ಎಲ್ಲರ ಮುಂದೂ 48. ಯಾರು ತಾನೆ ತಮ್ಮ ವಿರುದ್ಧ ತಾವೇ ಸಾಕ್ಷಿ ಬರೆದುಕೊಡುತ್ತಾರೆ?

ಒಂದು ಲೆಕ್ಕ ನೋಡಿ. ಒಬ್ಬರಿಗೆ ತಿಂಗಳಿಗೆ 20,800 ಸಂಬಳ. ವಾರಕ್ಕೆ 48 ಗಂಟೆ ಅಂದರೆ ತಿಂಗಳಿಗೆ 208 ಗಂಟೆ. ಗಂಟೆಗೆ ಸರಿಯಾಗಿ 100. ಅದೇ ವ್ಯಕ್ತಿ ನಿಜಕ್ಕೂ ವಾರಕ್ಕೆ 60 ಗಂಟೆ ದುಡಿಯುತ್ತಾನೆ, ಹೆಚ್ಚಿನ ಹೊತ್ತಿಗೆ ಓವರ್‌ಟೈಮ್ ಕೊಡುವುದಿಲ್ಲ ಅಂದುಕೊಳ್ಳಿ. ತಿಂಗಳಿಗೆ 260 ಗಂಟೆ, ಗಂಟೆಗೆ 80. ಐದರಲ್ಲಿ ಒಂದು ಪಾಲು ಮಾಯ. ಕಂಪನಿಯ ಫಾರ್ಮ್‌ನಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಹೆಚ್ಚು ಹೊತ್ತು ದುಡಿಸುವ ಉದ್ಯೋಗಗಳಲ್ಲೇ ಇದು ಜಾಸ್ತಿ, ಅಂದರೆ ಟೇಬಲ್‌ನಲ್ಲಿ ನಿಜಕ್ಕೂ ನೋಡಬೇಕಾದ ಸಾಲುಗಳೇ ಕೆಡುತ್ತವೆ.

ಇನ್ನೊಂದು. ಜಗತ್ತಿನ ದುಡಿಯುವವರಲ್ಲಿ ಶೇ. 60ಕ್ಕಿಂತ ಹೆಚ್ಚು ಜನ, ಸುಮಾರು 200 ಕೋಟಿ, ಅನೌಪಚಾರಿಕ ಕೆಲಸದಲ್ಲಿದ್ದಾರೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೇ 2018ರಲ್ಲಿ ಹೇಳಿದೆ. ಸಂಸ್ಥೆಗಳ ನೋಂದಣಿ ಪಟ್ಟಿ ಹಿಡಿದು ಹೊರಟರೆ ಇವರಲ್ಲಿ ಹೆಚ್ಚಿನವರು ಲೆಕ್ಕಕ್ಕೇ ಸಿಗುವುದಿಲ್ಲ. ಆಮೇಲೆ ಅದಕ್ಕೆ 'ರಾಷ್ಟ್ರೀಯ' ಅಂತ ಹೆಸರು ಬೇರೆ.

ಮನೆಗೆ ಹೋಗಿ ಕೇಳಿದರೂ ಕೇಳುವ ರೀತಿ ಮುಖ್ಯ. "ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ?" ಅಂದರೆ "ದಿನಕ್ಕೆ ಎಂಟು ಗಂಟೆ ಡ್ಯೂಟಿ" ಅನ್ನುವ ಉತ್ತರ ತಯಾರಾಗಿಯೇ ಇರುತ್ತದೆ. ನಿನ್ನೆಯಿಂದ ಹಿಂದಕ್ಕೆ ಹೋಗಿ. ನಿನ್ನೆ ಎಷ್ಟು ಹೊತ್ತಿಗೆ ಶುರು ಮಾಡಿದಿರಿ, ಎಷ್ಟಕ್ಕೆ ಬಿಟ್ಟಿರಿ, ನಡುವೆ ಊಟಕ್ಕೆ ಎಷ್ಟು ಹೊತ್ತು ಹೋಯಿತು, ಮೊನ್ನೆ ಹೇಗೆ, ಅದರ ಹಿಂದಿನ ದಿನ? ಹೀಗೆ ಕೇಳುತ್ತಾ ಹೋದರೆ ಎಂಟು ಅಂದವರೇ "ಓ, ಆವತ್ತು ಲೋಡ್ ಬರುವುದು ತಡ ಆಯ್ತು, ರಾತ್ರಿ ಹತ್ತಾಯಿತು" ಅಂತ ನೆನಪು ಮಾಡಿಕೊಳ್ಳುತ್ತಾರೆ. ಭಾರತ ಸರ್ಕಾರ ದುಡಿಮೆಯ ಬಗ್ಗೆ ಮನೆಮನೆಗೆ ಹೋಗಿ ನಡೆಸುವ ಪಿಎಲ್‌ಎಫ್‌ಎಸ್ ಸಮೀಕ್ಷೆಯಲ್ಲೂ ವಾರದ ಒಂದೊಂದು ದಿನದ ಗಂಟೆಯನ್ನು ಬೇರೆ ಬೇರೆ ಬರೆದುಕೊಳ್ಳುತ್ತಾರೆ. ಅದರಲ್ಲಿ ನೋಡಬೇಕಾದ ಇನ್ನೊಂದು ವಿಷಯ ಅಂದರೆ, ಹಣ ಕೇಳುವ ಅವಧಿ ಎಲ್ಲರಿಗೂ ಒಂದೇ ಅಲ್ಲ. ತಿಂಗಳ ಸಂಬಳದವರಿಗೆ ಹಿಂದಿನ ತಿಂಗಳದ್ದು, ದಿನಗೂಲಿಯವರಿಗೆ ಆ ವಾರದ ದಿನದಿನದ್ದು, ಸ್ವಂತ ಕೆಲಸದವರಿಗೆ ಹಿಂದಿನ 30 ದಿನದ್ದು. ಜನ ತಮ್ಮ ದುಡ್ಡನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೋ ಹಾಗೆಯೇ ಕೇಳುವುದು ಜಾಣತನ. ಆದರೆ ಗಂಟೆಯ ಕೂಲಿ ತೆಗೆಯುವಾಗ ಅವಧಿ ಹೊಂದಿಸುವ ಕೆಲಸ ನಿಮ್ಮ ತಲೆಗೆ ಬರುತ್ತದೆ.

ಮನೆ ಸಮೀಕ್ಷೆಯ ಕಷ್ಟವನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಇದ್ದವರು ಇಲ್ಲದವರ ಪರವಾಗಿ ಉತ್ತರ ಕೊಡುತ್ತಾರೆ. ಅಣ್ಣನ ಸಂಬಳ ತಮ್ಮನಿಗೆ ಗೊತ್ತಿರುತ್ತದಾ? ಯಾರು ಉತ್ತರ ಕೊಟ್ಟರು ಅಂತ ಒಂದು ಕೋಡ್ ಹಾಕಿ ಇಟ್ಟುಕೊಳ್ಳಿ.

ಕಚ್ಚಾಲೆಕ್ಕ:

ಇಬ್ಬರಿಗೂ ಧನ್ಯವಾದ. 48, 60ರ ಲೆಕ್ಕವನ್ನು ನಾಳೆಯೇ ಮೀಟಿಂಗ್‌ಗೆ ಒಯ್ಯುತ್ತೇನೆ. ಆದರೆ ಈಗ ಇನ್ನೊಂದು ಗೊಂದಲ. ಒಬ್ಬರು ಆ ವಾರ ರಜೆಯಲ್ಲಿದ್ದರು ಅಂದುಕೊಳ್ಳಿ. ದುಡಿದ ಗಂಟೆ ಸೊನ್ನೆ, ಸಂಬಳ ಪೂರ್ತಿ. ಭಾಗಿಸುವುದು ಯಾವುದರಿಂದ?

ಹಾಜರಿಪುಸ್ತಕ:

ಇದಕ್ಕೇ ಗಂಟೆ ಅನ್ನುವುದನ್ನು ಒಂದೇ ಕಾಲಮ್ ಮಾಡಬಾರದು. 2008ರಲ್ಲಿ ಕಾರ್ಮಿಕ ಅಂಕಿಅಂಶ ತಜ್ಞರ 18ನೇ ಅಂತರರಾಷ್ಟ್ರೀಯ ಸಮ್ಮೇಳನ ದುಡಿಮೆಯ ಹೊತ್ತಿನ ಬಗ್ಗೆ ಒಂದು ನಿರ್ಣಯ ಮಾಡಿತು. ನಿಜಕ್ಕೂ ದುಡಿದ ಗಂಟೆ, ಸಂಬಳ ಸಿಕ್ಕ ಗಂಟೆ, ಸಾಮಾನ್ಯವಾಗಿ ದುಡಿಯುವ ಗಂಟೆ, ಒಪ್ಪಂದದ ಗಂಟೆ, ಓವರ್‌ಟೈಮ್, ಎಲ್ಲವನ್ನೂ ಅದರಲ್ಲಿ ಬೇರೆ ಬೇರೆ ಮಾಡಿದ್ದಾರೆ. ನಿಮ್ಮ ರಜೆಯ ಉದಾಹರಣೆಯಲ್ಲಿ ದುಡಿದದ್ದು ಸೊನ್ನೆ, ಸಂಬಳ ಸಿಕ್ಕ ಗಂಟೆ 48. ಭಾಗಿಸುವುದಾದರೆ ಸಂಬಳ ಸಿಕ್ಕ ಗಂಟೆಯಿಂದ. ಎರಡನೇಪಾಳಿ ಅವರು ಹೇಳಿದ ಪುಕ್ಕಟೆ ಓವರ್‌ಟೈಮ್ ಹಿಡಿಯಬೇಕಾದರೆ ಸಾಮಾನ್ಯವಾಗಿ ದುಡಿಯುವ ಗಂಟೆಯೂ ಬೇಕು. ಎರಡೂ ಇಟ್ಟುಕೊಂಡು ಎರಡೂ ದರ ಪ್ರಕಟಿಸಿ. ಅವುಗಳ ನಡುವಿನ ಅಂತರವೇ ದೊಡ್ಡ ಸುದ್ದಿ.

ಯಾವುದು ದುಡಿಮೆ ಅನ್ನುವುದಕ್ಕೂ ಅಲ್ಲಿ ಉತ್ತರ ಇದೆ. ಮೆಷಿನ್ ಕೆಟ್ಟು ಸುಮ್ನೆ ಕಾದು ಕೂತ ಹೊತ್ತು ಸೇರುತ್ತದೆ. ಸಣ್ಣ ವಿರಾಮ ಸೇರುತ್ತದೆ, ಕೆಲಸದ ಬಟ್ಟೆ ಹಾಕಿಕೊಳ್ಳುವ ಹೊತ್ತೂ ಸೇರುತ್ತದೆ. ಊಟದ ವಿರಾಮ ಸೇರುವುದಿಲ್ಲ, ಮನೆಯಿಂದ ಕೆಲಸಕ್ಕೆ ಹೋಗಿಬರುವ ಹೊತ್ತೂ ಇಲ್ಲ. ಇದನ್ನು ಪ್ರಶ್ನೆ ಕೇಳುವವರ ಕೈಪಿಡಿಯಲ್ಲಿ ಹಾಕಿ. ಉತ್ತರ ಕೊಡುವವರಿಗೆ ಪಾಠ ಮಾಡಲು ಹೋಗಬೇಡಿ.

ಕೋಡಿಂಗ್‌ಕೋಣೆ:

ಎಲ್ಲರೂ ಹಣ, ಗಂಟೆ ಅಂತ ಹೊಡೆದಾಡುತ್ತಿದ್ದೀರಿ, ಟೇಬಲ್‌ನ ಎಡಗಡೆಯ ಕಾಲಮ್ ಯಾರಿಗೂ ಬೇಡ 🙂 ನನ್ನ ಅನುಭವದಲ್ಲಿ ಸಮೀಕ್ಷೆ ಕೆಡುವುದೇ ಅಲ್ಲಿ.

ಫಾರ್ಮ್‌ನಲ್ಲಿ 'ಉದ್ಯೋಗ' ಅಂತ ಒಂದೇ ಖಾಲಿ ಜಾಗ ಬಿಟ್ಟರೆ 'ಆಪರೇಟರ್' ಅಂತ ಬರೆದು ಬರುತ್ತದೆ. ಈಗ ಐಸ್ಕೋ-08, ಅಂದರೆ ಉದ್ಯೋಗಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ ತೆಗೆಯಿರಿ. ಹೊಲಿಗೆ ಮೆಷಿನ್ ಆಪರೇಟರ್ 8153. ಕ್ರೇನ್ ಆದರೆ 8343. ಡೇಟಾ ಎಂಟ್ರಿ ಆದರೆ 4132, ಅಂದರೆ ಗುಮಾಸ್ತರ ಸಾಲು. ಟೆಲಿಫೋನ್ ಸ್ವಿಚ್‌ಬೋರ್ಡ್ ಆದರೆ 4223. ಇನ್ನು 'ಸೂಪರ್‌ವೈಸರ್' ಬಂತೋ, ಅಂಗಡಿಯದ್ದಾದರೆ 5222, ಕಟ್ಟಡ ಕೆಲಸದ್ದಾದರೆ 3123, ಕಚೇರಿಯದ್ದಾದರೆ 3341. ಬರೀ ಹುದ್ದೆಯ ಹೆಸರಿಂದ ಕೋಡ್ ಹಾಕುವವರು ಏನು ಮಾಡಬೇಕು? ಊಹೆ ಮಾಡುತ್ತಾರೆ. ಆ ಊಹೆಯೆಲ್ಲ ಟೇಬಲ್‌ನಲ್ಲಿ ಸತ್ಯ ಆಗಿ ಕೂರುತ್ತದೆ.

ಎರಡು ಪ್ರಶ್ನೆ ಇಡಿ: ನಿಮ್ಮ ಹುದ್ದೆ ಏನು, ಮತ್ತು ದಿನದಲ್ಲಿ ಮುಖ್ಯವಾಗಿ ಏನೇನು ಮಾಡುತ್ತೀರಿ. ಎರಡನೆಯದಕ್ಕೆ 'ಮೆಷಿನ್ ಕೆಲಸ' ಅಂತ ಬಂದರೆ ಸಾಲದು, ಯಾವ ಮೆಷಿನ್, ಅದರಿಂದ ಏನು ತಯಾರಾಗುತ್ತದೆ ಅಂತ ಕೆದಕಿ ಕೇಳಲು ಕೇಳುವವರಿಗೆ ತರಬೇತಿ ಕೊಡಿ. ಸಂಸ್ಥೆ ಏನು ಮಾಡುತ್ತದೆ ಅನ್ನುವುದೂ ಜೊತೆಗೆ ಬೇಕು. ಆಮೇಲೆ ಒಂದಷ್ಟು ಫಾರ್ಮ್‌ಗಳನ್ನು ಇಬ್ಬರಿಗೆ ಬೇರೆ ಬೇರೆ ಕೊಟ್ಟು ಕೋಡ್ ಹಾಕಿಸಿ, ಒಬ್ಬರದ್ದು ಇನ್ನೊಬ್ಬರಿಗೆ ತೋರಿಸದೆ. ಇಬ್ಬರೂ ಎಷ್ಟು ಸಲ ಒಂದೇ ಕೋಡ್ ಹಾಕಿದ್ದಾರೆ ನೋಡಿ. ನಾಲ್ಕು ಅಂಕಿಯ ಮಟ್ಟದಲ್ಲಿ ಹೊಂದಾಣಿಕೆ ಕಳಪೆ ಇದ್ದರೆ ನಾಲ್ಕು ಅಂಕಿಯಲ್ಲಿ ಪ್ರಕಟಿಸುವ ಆಸೆ ಬಿಡಿ.

ದೇಶದ್ದೇ ಪಟ್ಟಿ ಇದ್ದರೆ ಅದನ್ನೇ ಬಳಸಿ, ಐಸ್ಕೋಗೆ ಹೊಂದುವ ಕೊಂಡಿ ಮಾತ್ರ ಕಳೆದುಕೊಳ್ಳಬೇಡಿ.

ಮಾದರಿಗಾತ್ರ:

ಎಷ್ಟು ಜನ ಅನ್ನುವ ಪ್ರಶ್ನೆ ಬಾಕಿ ಇದೆಯಲ್ಲ, ಅದಕ್ಕೆ ಬರುತ್ತೇನೆ. ಐಸ್ಕೋ-08ರಲ್ಲಿ 10 ಮುಖ್ಯ ಗುಂಪು, 43 ಉಪಗುಂಪು, 130 ಕಿರುಗುಂಪು (ಮೂರು ಅಂಕಿಯ ಕೋಡ್), ಕೊನೆಗೆ 436 ಘಟಕ (ನಾಲ್ಕು ಅಂಕಿ). ಎಲ್ಲಿ ನಿಲ್ಲುತ್ತೀರಿ ಅನ್ನುವುದರ ಮೇಲೆ ಇಡೀ ಬಜೆಟ್ ನಿಂತಿದೆ.

ಒಂದು ಉದ್ಯೋಗದೊಳಗೆ ಸಂಬಳದ ಹರಡು, ಅಂದರೆ ಸರಾಸರಿಯಿಂದ ಆಚೀಚೆ ಹೋಗುವುದು (ಮಾನಕ ವಿಚಲನೆ), ಸರಾಸರಿಯ ಶೇ. 60 ಇದೆ, ನಿಮಗೆ ಅಂದಾಜಿನ ಸಾಪೇಕ್ಷ ಮಾನಕ ದೋಷ ಶೇ. 5ರೊಳಗೆ ಬೇಕು ಅಂದುಕೊಳ್ಳಿ. 0.6 ಭಾಗಿಸು 0.05, ಅದರ ವರ್ಗ, 144 ಜನ. ಆದರೆ ಒಂದೇ ಕಂಪನಿಯವರ ಸಂಬಳ ಒಂದೇ ಥರ ಇರುತ್ತದೆ, ಒಂದೇ ಬೀದಿಯವರದ್ದೂ ಅಷ್ಟೇ. ಹಾಗಾಗಿ ವಿನ್ಯಾಸದ ಪರಿಣಾಮ (ಹೀಗೆ ಗುಂಪುಗುಂಪಾಗಿ ಆರಿಸಿದ್ದಕ್ಕೆ ಎಷ್ಟು ಪಟ್ಟು ಹೆಚ್ಚು ಜನ ಬೇಕು ಅನ್ನುವುದು) 2 ಅಂತ ಹಿಡಿದರೆ 288. ಕಿರುಗುಂಪಿನ ಮಟ್ಟದಲ್ಲಿ 130 ಗುಣಿಸು 288, ಸುಮಾರು 37 ಸಾವಿರ. ಘಟಕದ ಮಟ್ಟಕ್ಕೆ ಇಳಿದರೆ 1 ಲಕ್ಷ 25 ಸಾವಿರ ದಾಟುತ್ತದೆ.

ಇದೂ ಎಲ್ಲ ಉದ್ಯೋಗದಲ್ಲೂ ಸಮಾನ ಜನ ಸಿಕ್ಕರೆ ಮಾತ್ರ. ಸಿಗುವುದಿಲ್ಲ. ಸಾವಿರಕ್ಕೆ ಒಬ್ಬರು ಮಾತ್ರ ಮಾಡುವ ಕೆಲಸಕ್ಕೆ 288 ಜನ ಬೇಕು ಅಂದರೆ ದುಡಿಯುವ 2 ಲಕ್ಷ 88 ಸಾವಿರ ಜನರನ್ನು ಮಾತನಾಡಿಸಬೇಕು. ಮನೆ ಸಮೀಕ್ಷೆ ಇಲ್ಲಿ ಸೋಲುತ್ತದೆ, ಎರಡನೇಪಾಳಿ ಅವರು ಬೇಜಾರು ಮಾಡಿಕೊಳ್ಳಬಾರದು. ಸಂಸ್ಥೆಗಳ ಪಟ್ಟಿ ಕೈಯಲ್ಲಿದ್ದರೆ ವಿಮಾನ ಕಂಪನಿ ಎಲ್ಲಿದೆ, ಆಸ್ಪತ್ರೆ ಎಲ್ಲಿದೆ ಅಂತ ಗೊತ್ತಿರುತ್ತದೆ, ಅಪರೂಪದ ಉದ್ಯೋಗ ಹುಡುಕಲು ನೇರ ಅಲ್ಲಿಗೇ ಹೋಗಬಹುದು. ಮೇಲೆ ಹೇಳಿದ ಅಮೆರಿಕದ ಸಮೀಕ್ಷೆ ಇದಕ್ಕೇ ಮೂರು ವರ್ಷದ ಆರು ಕಂತು ಸೇರಿಸಿ ಸುಮಾರು 11 ಲಕ್ಷ ಸಂಸ್ಥೆಗಳ ಲೆಕ್ಕದ ಮೇಲೆ ಅಂದಾಜು ಕಟ್ಟುತ್ತದೆ.

ನನ್ನ ಸಲಹೆ ಎರಡೂ ಮಾಡಿ, ಆದರೆ ಬೆರೆಸಬೇಡಿ. ನೋಂದಾಯಿತ ಸಂಸ್ಥೆಗಳ ನೌಕರರಿಗೆ ಸಂಸ್ಥೆ ಸಮೀಕ್ಷೆ. ದೊಡ್ಡ ಸಂಸ್ಥೆಗಳನ್ನೆಲ್ಲ ಸೇರಿಸಿ, ಸಣ್ಣವುಗಳಲ್ಲಿ ಮಾತ್ರ ಮಾದರಿ ತೆಗೆಯಿರಿ. ಉಳಿದವರಿಗೆ ಮನೆ ಸಮೀಕ್ಷೆ, ಅದರಲ್ಲಿ ಮೂರು ಅಂಕಿಯ ಕೋಡ್ ಸಾಕು. ಮನೆ ಸಮೀಕ್ಷೆಯಲ್ಲಿ ನೋಂದಾಯಿತ ನೌಕರರು ಸಿಕ್ಕರೆ ಅವರನ್ನೂ ಬಿಡದೆ ಕೇಳಿ. ಅದೇ ಗುಂಪಿನವರ ಗಂಟೆ ಎರಡು ಕಡೆಯಿಂದ ಸಿಕ್ಕಂತಾಯಿತು, 48ರ ಬಣ್ಣ ಬಯಲಾಗುತ್ತದೆ.

ಸರಾಸರಿಯ ಜೊತೆ ಮಧ್ಯಾಂಕವನ್ನೂ (ಸಂಬಳದ ಏರಿಕೆ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವಿನವರ ಸಂಬಳ) ಹಾಕಿ. ಮೇಲಿನ ನಾಲ್ಕು ಜನರ ಸಂಬಳ ಇಡೀ ಸಾಲನ್ನು ಎತ್ತಿಬಿಡುತ್ತದೆ.

ಕಚ್ಚಾಲೆಕ್ಕ:

ಮೂರು ಅಂಕಿಗೆ ನಿಲ್ಲಿಸುವುದು ಅಂತ ಮೀಟಿಂಗ್‌ನಲ್ಲಿ ಹೆಚ್ಚೂಕಮ್ಮಿ ತೀರ್ಮಾನ ಆಯಿತು, ನಾಲ್ಕು ಅಂಕಿಯ ಪಕ್ಷದವರು ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಎರಡು ಸಮೀಕ್ಷೆ ಪಕ್ಕಪಕ್ಕ ಇಡುವುದಕ್ಕೂ ಒಪ್ಪಿದ್ದಾರೆ. ಕೊನೆಯದಾಗಿ ಒಂದು: ಬೋನಸ್ಸನ್ನು ಎಲ್ಲಿ ಹಾಕುವುದು? ಆ ತಿಂಗಳಲ್ಲೇ ಬೋನಸ್ ಬಂದವರ ಗಂಟೆಯ ಕೂಲಿ ಆಕಾಶಕ್ಕೆ ಹೋಗುತ್ತದಲ್ವಾ?

ಹಾಜರಿಪುಸ್ತಕ:

ಹೋಗುತ್ತದೆ. ತಿಂಗಳ ಸಂಬಳದಲ್ಲಿ ಸೇರಿಸಬೇಡಿ, ವರ್ಷದ ಬೋನಸ್ ಅಂತ ಬೇರೆ ಕಾಲಮ್ ಮಾಡಿ. ಯುರೋಪಿನವರು ಹೀಗೇ ಮಾಡುತ್ತಾರೆ, ತಿಂಗಳ ಲೆಕ್ಕಕ್ಕೆ ಹೆಚ್ಚಿನ ದೇಶಗಳು ಅಕ್ಟೋಬರ್ ಹಿಡಿಯುವುದು ಆ ತಿಂಗಳಲ್ಲಿ ರಜೆ, ಹಬ್ಬದ ಏರುಪೇರು ಕಡಿಮೆ ಅಂತ. ನಿಮ್ಮ ದೇಶದಲ್ಲಿ ಅಂಥ ಸಾದಾ ತಿಂಗಳು ಯಾವುದು ನೋಡಿ ಆರಿಸಿ, ಒಮ್ಮೆ ಆರಿಸಿದ ಮೇಲೆ ವರ್ಷ ವರ್ಷ ಬದಲಾಯಿಸಬೇಡಿ. ಓವರ್‌ಟೈಮ್ ಹಣಕ್ಕೂ ಅದರ ಗಂಟೆಗೂ ಬೇರೆ ಜೋಡಿ ಕಾಲಮ್ ಇರಲಿ. ಒಂದನ್ನು ಸೇರಿಸಿ ಇನ್ನೊಂದನ್ನು ಬಿಟ್ಟ ಫಾರ್ಮ್‌ಗಳು ಪ್ರಾಯೋಗಿಕ ಸುತ್ತಿನಲ್ಲಿ ರಾಶಿ ಬರುತ್ತವೆ, ಆ ತಪಾಸಣೆಯನ್ನು ಟ್ಯಾಬ್ಲೆಟ್‌ನ ಸಾಫ್ಟ್‌ವೇರ್‌ನಲ್ಲೇ ಹಾಕಿಸಿ.